ಒಂದೂ ಮ್ಯಾಚ್ ಗೆಲ್ಲದ ಟೀಮು, ಅರವತ್ತು ವರ್ಷದ ಹಗೆ

ಒಂದು ಟೀಮು ತನ್ನ ಮೊದಲ ಸೀಸನ್‌ನಲ್ಲಿ 12 ಮ್ಯಾಚ್ ಆಡಿತು. 11 ಸೋಲು, 1 ಡ್ರಾ, ಗೆಲುವು ಸೊನ್ನೆ. ಇಂಥ ಟೀಮಿನ ಮೇಲೆ ಯಾರಿಗಾದ್ರೂ ಸಿಟ್ಟು ಬರುತ್ತಾ? ಪಾಪ ಅನ್ಸುತ್ತೆ ಅಷ್ಟೆ. ಆದರೆ 1960ರಲ್ಲಿ ಶುರುವಾದ ಡಲ್ಲಾಸ್ ಕೌಬಾಯ್ಸ್ ಟೀಮಿಗೆ ಮೈದಾನಕ್ಕೆ ಇಳಿಯೋ ಮುಂಚೆಯೇ ಒಬ್ಬ ವೈರಿ ಇದ್ದ. ಆ ವೈರ ಇವತ್ತಿಗೂ ಮುಗಿದಿಲ್ಲ.

ಮೊದಲೇ ಹೇಳಿಬಿಡ್ತೀನಿ, ಇದು ಮೆಸ್ಸಿ ಆಡೋ ಫುಟ್‌ಬಾಲ್ ಅಲ್ಲ, ಅಮೆರಿಕನ್ ಫುಟ್‌ಬಾಲ್. ಮೊಟ್ಟೆ ಆಕಾರದ ಚೆಂಡನ್ನು ಹಿಡಿದು ಓಡೋದು, ಎಸೆಯೋದೇ ಜಾಸ್ತಿ. ಇದರ ದೊಡ್ಡ ಲೀಗ್ ಎನ್‌ಎಫ್‌ಎಲ್. ಈಗಾಗಲೇ ನಡೀತಿರೋ ಲೀಗಿಗೆ ಹೊಸದಾಗಿ ಸೇರುವ ಟೀಮನ್ನು ಎಕ್ಸ್‌ಪಾನ್ಷನ್ ಟೀಮ್ ಅಂತಾರೆ. ಹಾಗೆ ಸೇರಬೇಕಾದರೆ ಹಳೆಯ ಟೀಮುಗಳ ಮಾಲೀಕರು ಒಪ್ಪಬೇಕು. ತಕರಾರು ಶುರುವಾಗಿದ್ದೇ ಅಲ್ಲಿ.

ಹಾಡು ಕೊಟ್ಟು ವೋಟು ಪಡೆದದ್ದು

ವಾಷಿಂಗ್ಟನ್ ಟೀಮಿನ ಮಾಲೀಕ ಜಾರ್ಜ್ ಪ್ರೆಸ್ಟನ್ ಮಾರ್ಷಲ್ ಡಲ್ಲಾಸ್ ಬೇಡವೇ ಬೇಡ ಅಂದ. ಕಾರಣ ಸರಳ, ದುಡ್ಡು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಆಗ ಬೇರೆ ಎನ್‌ಎಫ್‌ಎಲ್ ಟೀಮ್ ಇರಲಿಲ್ಲ. ಅಲ್ಲಿನ ಜನಕ್ಕೆ ರೇಡಿಯೋ, ಟಿವಿಯಲ್ಲಿ ಸಿಗ್ತಿದ್ದದ್ದು ವಾಷಿಂಗ್ಟನ್ ಮ್ಯಾಚುಗಳೇ. ಟೆಕ್ಸಸ್‌ನಲ್ಲಿ ಇನ್ನೊಂದು ಟೀಮ್ ಬಂದ್ರೆ ಆ ಮಾರುಕಟ್ಟೆಗೆ ಪಾಲುದಾರ ಬಂದ ಹಾಗೆ.

ಡಲ್ಲಾಸ್ ಕಡೆ ಇದ್ದವನು ಎಣ್ಣೆ ಬಾವಿಗಳ ಶ್ರೀಮಂತ ಕುಟುಂಬದ ಕ್ಲಿಂಟ್ ಮರ್ಚಿಸನ್ ಜೂನಿಯರ್. ಅವನು ಮೊದಲು ವಾಷಿಂಗ್ಟನ್ ಟೀಮನ್ನೇ ಕೊಳ್ಳೋಕೆ ಹೋಗಿದ್ದ, ವ್ಯವಹಾರ ಮುರಿದುಬಿದ್ದಿತ್ತು. ಈ ಸಲ ಅವನಿಗೆ ಒಂದು ಒಳ್ಳೆ ಅಸ್ತ್ರ ಸಿಕ್ತು. ವಾಷಿಂಗ್ಟನ್ ಟೀಮಿಗೆ ಅಭಿಮಾನಿಗಳೆಲ್ಲ ಹಾಡೋ ಒಂದು ಹಾಡಿತ್ತು. ಅದಕ್ಕೆ ರಾಗ ಹಾಕಿದ್ದ ಬ್ಯಾಂಡ್ ಮುಖ್ಯಸ್ಥ ಬಾರ್ನಿ ಬ್ರೀಸ್ಕಿನ್‌ಗೂ ಮಾರ್ಷಲ್‌ಗೂ ಅಷ್ಟರಲ್ಲಿ ಕೆಟ್ಟುಹೋಗಿತ್ತು. ಮರ್ಚಿಸನ್‌ನ ವಕೀಲ 2,500 ಡಾಲರ್ ಕೊಟ್ಟು ಹಾಡಿನ ಹಕ್ಕನ್ನೇ ಕೊಂಡುಬಿಟ್ಟ! ತನ್ನ ಟೀಮಿನ ಹಾಡನ್ನು ತನ್ನದೇ ಸ್ಟೇಡಿಯಂನಲ್ಲಿ ನುಡಿಸೋಕೆ ಮಾರ್ಷಲ್ ಇನ್ನೊಬ್ಬರನ್ನು ಕೇಳಬೇಕು. ಕೊನೆಗೆ ರಾಜಿ ಆಯ್ತು. ಹಾಡು ವಾಪಸ್, ಬದಲಿಗೆ ವೋಟು. 1960ರ ಜನವರಿ 28ರಂದು ಡಲ್ಲಾಸ್ ಲೀಗಿಗೆ ಸೇರಿತು.

ಉಳಿದವರಲ್ಲಿ ಆರಿಸಿಕೊಂಡ ಟೀಮ್

ಟೀಮೇನೋ ಬಂತು, ಆಟಗಾರರು? ಕಾಲೇಜು ಆಟಗಾರರನ್ನು ಹಂಚಿಕೊಳ್ಳೋ ಡ್ರಾಫ್ಟ್ ಆಗಲೇ ನವೆಂಬರ್‌ನಲ್ಲಿ ಮುಗಿದಿತ್ತು. ಹಾಗಾಗಿ 12 ಹಳೆಯ ಟೀಮುಗಳು ತಮಗೆ ಬೇಕಾದವರನ್ನು ಉಳಿಸಿಕೊಂಡ ಮೇಲೆ, ಮಿಕ್ಕವರಲ್ಲಿ ತಲಾ ಮೂವರಂತೆ 36 ಜನರನ್ನು ಡಲ್ಲಾಸ್ ಆರಿಸಿಕೊಂಡಿತು. ತಂಡ ನಡೆಸೋ ಕ್ವಾರ್ಟರ್‌ಬ್ಯಾಕ್ ಎಡ್ಡಿ ಲೆಬ್ಯಾರನ್ ಬಂದದ್ದೂ ವಾಷಿಂಗ್ಟನ್‌ನಿಂದಲೇ. ಕೋಚ್ ಟಾಮ್ ಲ್ಯಾಂಡ್ರಿಗೂ ಹೆಡ್ ಕೋಚ್ ಆಗಿ ಅದೇ ಮೊದಲ ವರ್ಷ. ಸಾಲದ್ದಕ್ಕೆ ಪೈಪೋಟಿ ಲೀಗಾದ ಎಎಫ್‌ಎಲ್‌ನ ಡಲ್ಲಾಸ್ ಟೆಕ್ಸನ್ಸ್ ಕೂಡ ಅದೇ ವರ್ಷ, ಅದೇ ಊರಲ್ಲಿ, ಅದೇ ಕಾಟನ್ ಬೌಲ್ ಸ್ಟೇಡಿಯಂನಲ್ಲಿ ಆಡ್ತಿತ್ತು.

ಮೊದಲ ಮ್ಯಾಚ್‌ನಲ್ಲಿ ಪಿಟ್ಸ್‌ಬರ್ಗ್ ವಿರುದ್ಧ 35–28ರ ಸೋಲು. ಡಿಸೆಂಬರ್ 4ರಂದು ನ್ಯೂಯಾರ್ಕ್ ಜೈಂಟ್ಸ್ ಜೊತೆ 31–31ರ ಡ್ರಾ. ಇಡೀ ವರ್ಷದ ಸಂಪಾದನೆ ಅಂದ್ರೆ ಅದೊಂದೇ.

ಈಗ ವಾಷಿಂಗ್ಟನ್ ಕಥೆ ನೋಡಿ. ಅವರೂ ಆ ವರ್ಷ ಗೆದ್ದದ್ದು ಒಂದೇ ಮ್ಯಾಚ್. ಯಾರ ವಿರುದ್ಧ? ಅಕ್ಟೋಬರ್ 9, ಡಲ್ಲಾಸ್ ವಿರುದ್ಧ, 26–14. ಮುಂದಿನ ವರ್ಷ 14 ಮ್ಯಾಚ್ ಆಡಿ ಮತ್ತೆ ಒಂದೇ ಗೆದ್ದರು. ಅದೂ ಡಲ್ಲಾಸ್ ವಿರುದ್ಧವೇ! ಅಂದ್ರೆ ಈ ಪೈಪೋಟಿ ಇಬ್ಬರು ಘಟಾನುಘಟಿಗಳ ನಡುವೆ ಹುಟ್ಟಿದ್ದಲ್ಲ, ಲೀಗಿನ ತಳದಲ್ಲಿದ್ದ ಇಬ್ಬರ ನಡುವೆ ಹುಟ್ಟಿದ್ದು.

ಮಾಲೀಕರು ಹೋದರೂ ವೈರ ಯಾಕೆ ಹೋಗಲಿಲ್ಲ?

ಡಲ್ಲಾಸ್‌ಗೂ ವಾಷಿಂಗ್ಟನ್‌ಗೂ ಸುಮಾರು 1,900 ಕಿಲೋಮೀಟರ್ ದೂರ. ಅಕ್ಕಪಕ್ಕದ ಊರಿನ ಜಗಳ ಅಂತೂ ಅಲ್ಲ. ನನ್ನ ಪ್ರಕಾರ ಉತ್ತರ ಇರೋದು ವೇಳಾಪಟ್ಟಿಯಲ್ಲಿ. 1961ರಲ್ಲಿ ಡಲ್ಲಾಸನ್ನು ವಾಷಿಂಗ್ಟನ್ ಇದ್ದ ಪೂರ್ವ ಗುಂಪಿಗೆ ಹಾಕಿದರು. ಒಂದೇ ಗುಂಪಿನವರು ವರ್ಷಕ್ಕೆ ಎರಡು ಸಲ ಎದುರಾಗಲೇಬೇಕು. 1970ರಲ್ಲಿ ಲೀಗನ್ನು ಹೊಸದಾಗಿ ವಿಂಗಡಿಸಿದಾಗಲೂ ಡಲ್ಲಾಸ್ ಪೂರ್ವದಲ್ಲೇ ಉಳಿಯಿತು. ಮ್ಯಾಪ್ ತೆಗೆದು ನೋಡಿದ್ರೆ ನಗು ಬರುತ್ತೆ, ಡಲ್ಲಾಸ್ ಪೂರ್ವದಲ್ಲಿ ಎಲ್ಲಿದೆ?

ಹೀಗೆ ಪದೇ ಪದೇ ಎದುರಾದಾಗ ಹಳೇ ಸಿಟ್ಟಿಗೆ ಹೊಸ ಕಾರಣಗಳು ಸೇರ್ತಾ ಹೋದವು. 1972ರ ಡಿಸೆಂಬರ್ 31ರಂದು ವಾಷಿಂಗ್ಟನ್ 26–3ರಿಂದ ಡಲ್ಲಾಸನ್ನು ಸೋಲಿಸಿ ಸೂಪರ್ ಬೌಲ್‌ಗೆ ಹೋಯಿತು. 1974ರಲ್ಲಿ ಡಲ್ಲಾಸ್‌ನ ಸ್ಟಾರ್ ರೋಜರ್ ಸ್ಟಾಬಾಕ್ ಪೆಟ್ಟಾಗಿ ಹೊರಗೆ ಹೋದ ಮೇಲೆ, ಕ್ಲಿಂಟ್ ಲಾಂಗ್ಲಿ ಅನ್ನೋ ಹೊಸ ಹುಡುಗ ಕೊನೆಯ ಅರ್ಧ ನಿಮಿಷದಲ್ಲಿ 50 ಯಾರ್ಡ್ ಪಾಸ್ ಎಸೆದು 24–23ರಿಂದ ಗೆಲ್ಲಿಸಿದ.

ಇದೆಲ್ಲ ಬರೀ ಮೋಜಿನ ಜಗಳ ಅಂತ ಮಾತ್ರ ತಿಳ್ಕೋಬೇಡಿ. ಮಾರ್ಷಲ್ ತನ್ನ ಟೀಮಿಗೆ 1962ರವರೆಗೂ ಒಬ್ಬ ಕಪ್ಪು ಆಟಗಾರನನ್ನೂ ಸೇರಿಸಿಕೊಂಡಿರಲಿಲ್ಲ. ಸ್ಟೇಡಿಯಂ ಇದ್ದದ್ದು ಸರ್ಕಾರದ ಜಾಗದಲ್ಲಿ, ಅದನ್ನು ಹಿಡಿದು ಕೆನಡಿ ಸರ್ಕಾರ ಒತ್ತಡ ಹಾಕಿದ ಮೇಲೆಯೇ ಬಾಬ್ಬಿ ಮಿಚೆಲ್‌ನಂಥವರು ಒಳಗೆ ಬಂದದ್ದು. ಮೂಲನಿವಾಸಿಗಳನ್ನು ಹೀಯಾಳಿಸುವ ಪದವಾಗಿದ್ದ ಟೀಮಿನ ಹಳೆಯ ಹೆಸರನ್ನು 2020ರಲ್ಲಿ ಕೈಬಿಟ್ಟರು, ಈಗ ಅದು ಕಮಾಂಡರ್ಸ್.

ಡಲ್ಲಾಸ್‌ನ ಅದೃಷ್ಟವೂ ಬದಲಾಯ್ತು. ಲ್ಯಾಂಡ್ರಿ 29 ಸೀಸನ್ ಕೋಚ್ ಆಗಿದ್ದ, 1966ರಿಂದ ಸತತ 20 ಸೀಸನ್ ಸೋಲಿಗಿಂತ ಗೆಲುವೇ ಹೆಚ್ಚು. ಮಾಲೀಕರು, ಆಟಗಾರರು, ಸ್ಟೇಡಿಯಂಗಳು, ಕೊನೆಗೆ ಒಂದು ಟೀಮಿನ ಹೆಸರೇ ಬದಲಾದರೂ ವರ್ಷಕ್ಕೆ ಎರಡು ಮ್ಯಾಚ್ ಮಾತ್ರ ತಪ್ಪಿಲ್ಲ. ಒಂದು ವೈರ ಹುಟ್ಟೋಕೆ ಒಂದು ಹಾಡಿನ ಜಗಳ ಸಾಕು. ಅದು ಉಳಿಯೋಕೆ ಮಾತ್ರ ಇಬ್ಬರೂ ಮತ್ತೆ ಮತ್ತೆ ಮುಖಾಮುಖಿ ಆಗ್ತಾ ಇರಬೇಕು.