ಕಡಪ ಕಲ್ಲು ಒಡೀಬೇಡಿ!

ಅಡುಗೆಮನೆ ರಿಪೇರಿಗೆ ದುಡ್ಡು ಕಮ್ಮಿ.
ಮೇಲಿನ ಕಪಾಟು ಯಾವ್ದು ಹಾಕ್ಸೋದು?

ನಂಜನಗೂಡು, ಟಿ. ನರಸೀಪುರ ಕಡೆ ಹಳೇ ಮನೆನಾ?
ಒಂದ್ಸಲ ತಲೆ ಎತ್ತಿ ನೋಡಿ.
ಗೋಡೆಗೆ ಕಡಪ ಕಲ್ಲಿನ ಶೆಲ್ಫ್ ಇದ್ರೆ
ನೀವು ಗೆದ್ರಿ!
ಒಡೆಸ್ಬೇಡಿ.
ಮುಂದೆ ಅಲ್ಯೂಮಿನಿಯಂ ಫ್ರೇಮಿನ ಶಟರ್ ಮಾತ್ರ ಕೂರ್ಸಿ.
ಪೆಟ್ಟಿಗೆ ಮಾಡ್ಸೋ ಖರ್ಚೇ ತಪ್ತು.

ಕಲ್ಲಿಲ್ವಾ?
ಎಂಡಿಎಫ್ ಅಗ್ಗ, ನಿಜ.
ಆದ್ರೆ ಅಂಚಲ್ಲಿ ನೀರು ಹೊಕ್ತೋ,
ಕಾಫಿಗೆ ಅದ್ದಿದ ರಸ್ಕ್ ಥರ ಉಬ್ಬುತ್ತೆ.
ಕಪಿಲೆ ದಡದೋರಿಗೆ 2018, 2019ರ ಆಗಸ್ಟ್ ನೆರೆ ನೆನಪಿದ್ಯಲ್ಲ?
ನೆರೆ ಇಳಿದ್ರೂ ಗೋಡೆ ತೇವ ಬಿಡಲ್ಲ.

ಪ್ಲೈವುಡ್ಡೇ ಹಾಕ್ಸಿ.
ಹಲಗೆ ಮೇಲೆ ನೀರು ತಡ್ಕೊಳ್ಳೋ ‘ಬಿಡಬ್ಲ್ಯೂಆರ್’ ಅಂತ ಮುದ್ರೆ ಇದ್ರೆ
ಮೇಲಿನ ಕಪಾಟಿಗೆ ಸಾಕು.
ನೀರಿಗೆ ಇನ್ನೂ ಗಟ್ಟಿಯಾದ ಐಎಸ್ 710 ಅನ್ನೋ ದುಬಾರಿ ಹಲಗೆ
ಸಿಂಕ್ ಕೆಳಗಿರ್ಲಿ.

ಬಾಗಿಲಿಲ್ಲದ ಶೆಲ್ಫಾ?
ಫೋಟೋಗೆ ಚೆಂದ.
ನಮ್ ಒಗ್ಗರಣೆ ಜಿಡ್ಡಿಗೆ
ಡಬ್ಬಿಗಳೆಲ್ಲ ಅಂಟಂಟು.
ಬೇಕೇ ಬೇಕಂದ್ರೆ ಒಂದೇ ಒಂದು,
ಒಲೆಯಿಂದ ದೂರ,
ಕಾಫಿಪುಡಿ ಡಬ್ಬಿಗೆ.

ಆಮೇಲೆ, ಬಡಗಿ ಅಳತೆ ತಗೊಳ್ವಾಗ
ಅಡುಗೆ ಮಾಡೋರನ್ನ ಕಟ್ಟೆ ಮುಂದೆ ನಿಲ್ಸಿ.
ಕೈ ಎತ್ತಿಸಿ.
ಬೆರಳು ಮುಟ್ಟಿದ ಕಡೆ ಪೆನ್ಸಿಲ್ ಗೆರೆ.
ದಿನಾ ಬಳಸೋ ಶೆಲ್ಫ್
ಅದಕ್ಕಿಂತ ಕೆಳಗೇ ಇರ್ಲಿ.