ಮೃದಂಗದ ಕರಿಯ ಬೊಟ್ಟು

ಮಳೆಗಾಲ ಬಂತೆಂದರೆ ಮುಂಬಯಿಯ ನಮ್ಮ ಮನೆಗಳಲ್ಲಿ ಹಪ್ಪಳ ಮೆತ್ತಗಾಗುತ್ತದೆ, ಬಾಗಿಲು ಬಿಗಿಯುತ್ತದೆ, ಮೃದಂಗ ಮಂಕಾಗುತ್ತದೆ. ಕಳೆದ ವರ್ಷ ಪಕ್ಕದ ಮನೆಯ ಹುಡುಗನ ಮೃದಂಗಕ್ಕೆ ಮಂಕು ಮಾತ್ರವಲ್ಲ, ಬಲಮುಖದ ಕರಣೆಯೂ ಅಲ್ಲಲ್ಲಿ ಉದುರಿಹೋಗಿತ್ತು. ಅವನ ತಂದೆಗೆ ಕಚೇರಿಯಿಂದ ಬಿಡುವಿಲ್ಲ. ನನಗೆ ಬಿಡುವೇ ಬಿಡುವು. ಹೀಗಾಗಿ ಅವನನ್ನೂ ಮೃದಂಗವನ್ನೂ ಮಾಟುಂಗದ ಕಡೆಯ ಒಬ್ಬ ಕುಶಲಕರ್ಮಿಯ ಬಳಿಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು.

ಆತ ಹಳೆಯ ಕರಣೆಯನ್ನು ಪೂರ್ತಿ ಕೆರೆದು ತೆಗೆದ. ಆಗ ಹುಡುಗ ಕೇಳಿದ: “ಅಜ್ಜಾ, ಈ ಕಪ್ಪು ಬೊಟ್ಟು ಚೆಂದಕ್ಕೆ ಇಡುವುದೇ?” ಕೆಲಸಗಾರ ನಕ್ಕ. ಮಾತಾಡಲಿಲ್ಲ. ಬೋಳು ಚರ್ಮದ ಮೇಲೆ ಬೆರಳಿನಿಂದ ಒಂದು ಪೆಟ್ಟು ಕೊಟ್ಟ. ‘ದಬ್’ ಎಂದಿತು. ಬಿಸ್ಕತ್ತಿನ ಡಬ್ಬವನ್ನು ತಟ್ಟಿದರೂ ಅಷ್ಟೇ ಸದ್ದು ಬರುತ್ತಿತ್ತೇನೋ. ನಾದ ಎಲ್ಲಿ ಅಡಗಿತ್ತೆಂಬುದು ಹುಡುಗನಿಗೆ ಅಲ್ಲೇ ತಿಳಿಯಿತು. ಏಕೆ ಎಂಬುದು ಮಾತ್ರ ತಿಳಿಯಲಿಲ್ಲ. ಆ ‘ಏಕೆ’ಯ ಹಿಂದೆ ನೂರು ವರ್ಷಗಳಿಗೂ ಹಿಂದಿನ ಒಂದು ಸೊಗಸಾದ ಸಂಶೋಧನೆಯಿದೆ. ಅದನ್ನು ನಮ್ಮ ಓದುಗರ ಮುಂದಿಡೋಣವೆನಿಸಿತು.

ವೀಣೆಯ ತಂತಿಯನ್ನು ಮೀಟಿದಾಗ ಒಂದೇ ಸ್ವರ ಕೇಳಿದಂತೆ ತೋರಿದರೂ ಅದರೊಳಗೆ ಹಲವು ಸ್ವರಗಳಿರುತ್ತವೆ. ತಂತಿಯ ಮೂಲ ಸ್ವರಕ್ಕೆ ಕ್ಷಣಕ್ಕೆ 100 ಕಂಪನಗಳೆಂದು ಇಟ್ಟುಕೊಂಡರೆ ಅದರ ಜೊತೆಗೇ 200, 300, 400 ಹೀಗೆ ಪೂರ್ಣ ಗುಣಕಗಳ ಉಪಸ್ವರಗಳೂ ನುಡಿಯುತ್ತವೆ. ಈ ಹೊಂದಾಣಿಕೆಯೇ ಕಿವಿಗೆ ಇಂಪು. ಚಕ್ರಾಕಾರವಾಗಿ ಬಿಗಿದ ಚರ್ಮದ ಸ್ವಭಾವ ಹಾಗಲ್ಲ. ಅದರ ಮೂಲ ಕಂಪನ 100 ಆದರೆ ಮುಂದಿನವು ಸುಮಾರು 159, 214, 230, 265 ಹೀಗೆ ಒಂದಕ್ಕೊಂದು ನಂಟಿಲ್ಲದೆ ಬರುತ್ತವೆ. ಪಂಕ್ತಿಯಲ್ಲಿ ಕುಳಿತವರು ಒಬ್ಬೊಬ್ಬರು ಒಂದೊಂದು ಹಾಡು ಹೇಳಿದಂತೆ! ತಮಟೆಯ ಗತ್ತು ಅದರ ಆರ್ಭಟದಲ್ಲಿದೆ, ಶ್ರುತಿಯಲ್ಲಲ್ಲ. ಆದರೆ ಮೃದಂಗವನ್ನೂ ತಬಲಾವನ್ನೂ ನಾವು ಷಡ್ಜಕ್ಕೆ ಶ್ರುತಿಮಾಡಿ ಗಾಯಕನ ಪಕ್ಕದಲ್ಲಿ ಕೂರಿಸುತ್ತೇವಲ್ಲ, ಅದು ಹೇಗೆ ಸಾಧ್ಯವಾಯಿತು?

ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಸಿ. ವಿ. ರಾಮನ್. ಬೆಳಕಿನ ಚದರಿಕೆಗಾಗಿ 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದ ರಾಮನ್ನರನ್ನು ಎಲ್ಲರೂ ಬಲ್ಲರು. ಅದಕ್ಕೆ ಮೊದಲು ಕಲ್ಕತ್ತೆಯಲ್ಲಿ ಹಲವು ವರ್ಷ ಅವರು ನಾದದ ಬೆನ್ನು ಹತ್ತಿದ್ದವರೆಂಬುದನ್ನು ಅನೇಕರು ಅರಿಯರು. ಅವರ ಪತ್ನಿ ಲೋಕಸುಂದರಿಯವರು ವೀಣೆ ಬಲ್ಲವರು. ವೀಣೆ, ತಂಬೂರಿ, ಪಿಟೀಲು, ಯಾವುದನ್ನೂ ರಾಮನ್ ಬಿಡಲಿಲ್ಲ. ತಂಬೂರಿಯ ಅಗಲವಾದ ಬಾಗಿದ ಕುದುರೆಯ ಮೇಲೆ ತಂತಿಯ ಅಡಿಗೆ ಒಂದು ಎಳೆ ದಾರ ಸಿಕ್ಕಿಸಿದರೆ ಜೀವ ಬರುವುದೇಕೆ ಎಂಬುದನ್ನೂ ಅವರು ಪರೀಕ್ಷಿಸಿದರು. ಅದನ್ನು ಬರೆಯಹೊರಟರೆ ಇನ್ನೊಂದು ಲೇಖನವೇ ಆದೀತು.

1920ರಲ್ಲಿ ರಾಮನ್ನರೂ ಶಿವಕಾಳಿ ಕುಮಾರರೂ ಸೇರಿ ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯಲ್ಲಿ ಒಂದು ಚಿಕ್ಕ ಬರಹ ಪ್ರಕಟಿಸಿದರು. ನಮ್ಮ ಮದ್ದಳೆಗಳ ಉಪಸ್ವರಗಳು ತಂತಿಯ ಉಪಸ್ವರಗಳಂತೆಯೇ ಪೂರ್ಣ ಗುಣಕಗಳಾಗಿವೆ ಎಂಬುದೇ ಅದರ ಸಾರ. ಗುಟ್ಟೆಲ್ಲ ಆ ಕರಿಯ ಬೊಟ್ಟಿನದು. ಮೂಲ ಸ್ವರ ನುಡಿಯುವಾಗ ಚರ್ಮದ ನಡುಭಾಗ ಎಲ್ಲಕ್ಕಿಂತ ಹೆಚ್ಚು ಏರಿಳಿಯುತ್ತದೆ. ಅಲ್ಲಿ ಭಾರ ಹೇರಿದರೆ ಆ ಓಲಾಟ ನಿಧಾನವಾಗುತ್ತದೆ, ಸ್ವರ ತಗ್ಗುತ್ತದೆ. ಎರಡನೆಯ ಬಗೆಯ ಕಂಪನದಲ್ಲಾದರೋ ಚರ್ಮದ ಅರ್ಧಭಾಗ ಮೇಲೇಳುವಾಗ ಇನ್ನರ್ಧ ಕೆಳಗಿಳಿಯುತ್ತದೆ. ನಟ್ಟನಡುವಿನ ಗೆರೆ ಅಲುಗುವುದೇ ಇಲ್ಲ. ಆದುದರಿಂದ ನಡುವಿನ ಭಾರ ಅದನ್ನು ಅಷ್ಟಾಗಿ ಬಾಧಿಸದು. ಕೆಳಗಿನದು ಹೆಚ್ಚು ತಗ್ಗಿ ಮೇಲಿನದು ಕಡಿಮೆ ತಗ್ಗಿದರೆ ಅವೆರಡರ ಅಂತರ ಹಿಗ್ಗಲೇಬೇಕಷ್ಟೆ. ಹಿಗ್ಗಿ ಹಿಗ್ಗಿ 1.59 ಇದ್ದುದು ಸರಿಯಾಗಿ 2ಕ್ಕೆ ಬಂದು ನಿಲ್ಲುತ್ತದೆ.

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಮರುವರ್ಷ ಅಲ್ಲೇ ವಿಜ್ಞಾನ ಅಕಾಡೆಮಿಯನ್ನು ಕಟ್ಟಿದರು. ಅದರ ಪತ್ರಿಕೆಯ ಮೊದಲ ಸಂಪುಟದಲ್ಲೇ ಮದ್ದಳೆಗಳ ಬಗ್ಗೆ ಅವರ ವಿಸ್ತಾರವಾದ ಲೇಖನವಿದೆ. ಚರ್ಮದ ಮೇಲೆ ನುಣ್ಣನೆಯ ಮರಳು ಉದುರಿಸಿ, ಬೆರಳು ತಾಗಿಸಿ ಬಾರಿಸಿದರೆ ಅಲುಗುವ ಕಡೆಯಿಂದ ಮರಳು ಹಾರಿ ಅಲುಗದ ಗೆರೆಗಳಲ್ಲಿ ಸಾಲುಗಟ್ಟುತ್ತದೆ. ನಮ್ಮ ಹೆಂಗಳೆಯರ ರಂಗೋಲಿಯ ಹಾಗೆ! ಹೀಗೆ ಮೂಡಿದ ಚಿತ್ರಗಳಿಂದ ರಾಮನ್ ಕಂಡುಕೊಂಡದ್ದು ಇದು: ಒಂಬತ್ತು ಬಗೆಯ ಕಂಪನಗಳು ಚದುರಿಹೋಗದೆ ಐದೇ ಸ್ವರಗಳಲ್ಲಿ ಬಂದು ಸೇರಿಕೊಳ್ಳುತ್ತವೆ.

ವಿದ್ವಾಂಸರ ಬೆರಳಿಗೂ ಈ ಗೆರೆಗಳು ಗೊತ್ತು. ಉಂಗುರದ ಬೆರಳನ್ನು ಕರಣೆಯ ಅಂಚಿಗೆ ಮೆಲ್ಲಗೆ ಊರಿ ತೋರುಬೆರಳಿನಿಂದ ಅಂಚಿಗೆ ಹೊಡೆಯುತ್ತಾರಲ್ಲವೆ? ಊರಿದ ಬೆರಳು ಮೂಲ ಸ್ವರವನ್ನು ಅದುಮಿ ಮೇಲಿನ ಸ್ವರಗಳಿಗೆ ದಾರಿ ಬಿಡುತ್ತದೆ. ಗುರುಗಳು ಹುಡುಗನ ಬೆರಳು ಹಿಡಿದು ‘ಇಲ್ಲಿ ಅಲ್ಲ, ಇಲ್ಲಿ’ ಎಂದು ಗದರುವುದು ಭೌತಶಾಸ್ತ್ರದ ಪಾಠವೇ ಸರಿ.

1954ರಲ್ಲಿ ಅದೇ ವಿಜ್ಞಾನ ಸಂಸ್ಥೆಯ ಬಿ. ಎಸ್. ರಾಮಕೃಷ್ಣ ಮತ್ತು ಸೋಂಧಿಯವರು ಇದಕ್ಕೆ ಗಣಿತದ ಅಡಿಪಾಯ ಹಾಕಿದರು. ಚರ್ಮದ ತ್ರಿಜ್ಯದಲ್ಲಿ ಸುಮಾರು ಹತ್ತರಲ್ಲಿ ನಾಲ್ಕು ಪಾಲು ಕರಣೆ, ಅದರ ಭಾರ ಚರ್ಮಕ್ಕಿಂತ ಹಲವು ಪಟ್ಟು: ಹೀಗಿದ್ದರೆ ಸ್ವರಗಳು ಹೊಂದುತ್ತವೆಂದು ಲೆಕ್ಕ ಹೇಳಿತು. ಮಾಟುಂಗದ ನಮ್ಮ ಕೆಲಸಗಾರನ ಬಳಿ ಅಳತೆಯ ಪಟ್ಟಿ ಸಹ ಇರಲಿಲ್ಲ.

ಅವನ ಕೆಲಸವನ್ನು ಕೂತು ನೋಡಬೇಕು. ಅನ್ನವನ್ನು ನುಣ್ಣಗೆ ಅರೆದು, ಅದಕ್ಕೆ ಕಿಟ್ಟದ ಕಲ್ಲಿನ ಕರಿಯ ಪುಡಿ ಬೆರೆಸಿ ನಾದಿದ ಮುದ್ದೆ. ಅದರಲ್ಲಿ ಚಿಟಿಕೆಯಷ್ಟು ತೆಗೆದು ಚರ್ಮದ ನಡುವೆ ಹೆಬ್ಬೆರಳಿನಿಂದ ತೀಡುತ್ತಾನೆ. ನುಣುಪು ಕಲ್ಲಿನಿಂದ ಒಣಗುವ ತನಕ ಉಜ್ಜುತ್ತಾನೆ. ಒಂದು ಪೆಟ್ಟು ಹೊಡೆದು ಆಲಿಸುತ್ತಾನೆ. ಮತ್ತೆ ಚಿಟಿಕೆ, ಮತ್ತೆ ಉಜ್ಜು. ಪದರದ ಮೇಲೆ ಪದರ ಬೀಳುತ್ತ ನಡುವೆ ದಪ್ಪ, ಅಂಚಿಗೆ ತೆಳು. ಉಜ್ಜುವುದರಿಂದ ಕರಣೆಯ ತುಂಬ ಸೂಕ್ಷ್ಮವಾದ ಬಿರುಕುಗಳಾಗುತ್ತವೆ. ಅವು ದೋಷವಲ್ಲ, ಬೇಕಾದವೇ. ಬಿರುಕಿಲ್ಲದಿದ್ದರೆ ಕರಣೆ ಬಿಲ್ಲೆಯಂತೆ ಸೆಟೆದು ಚರ್ಮವನ್ನು ಬಗ್ಗಗೊಡುವುದಿಲ್ಲ. ಭಾರವೂ ಬೇಕು, ಬಾಗುವಿಕೆಯೂ ಬೇಕು. ಈ ಕಷ್ಟದ ಲೆಕ್ಕವನ್ನು ಬರಿಯ ಅನ್ನ, ಕಲ್ಲುಪುಡಿಗಳಿಂದ ಬಿಡಿಸಿದ ಮೊದಲಿಗರು ಯಾರು?

ರಾಮನ್ ಆ ಗೌರವವನ್ನು ಪ್ರಾಚೀನ ಹಿಂದೂಗಳಿಗೆ ಸಲ್ಲಿಸಿದರು. ಭರತನ ನಾಟ್ಯಶಾಸ್ತ್ರದಲ್ಲಿ ನದೀತೀರದ ಮಣ್ಣನ್ನು ಮದ್ದಳೆಗೆ ಬಳಿಯುವ ಮಾತಿದೆಯೆಂಬುದೂ ನಿಜ. ಆದರೆ ಗ್ರಂಥ ಬರೆದವರೂ ಚರ್ಮ ಹದಮಾಡಿದವರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರಲ್ಲ. ಮೃದಂಗಕ್ಕೆ ಹಸು, ಎಮ್ಮೆ, ಆಡು ಮೂರರ ಚರ್ಮವೂ ಬೇಕು. ಅದನ್ನು ಮುಟ್ಟಿದ ಕೈಗಳನ್ನು ಸಮಾಜ ಹೊರಗಿಟ್ಟಿತು. ಅವರು ಮಾಡಿಕೊಟ್ಟ ವಾದ್ಯವನ್ನು ಪೂಜೆಯ ಕೋಣೆಯಲ್ಲಿಟ್ಟಿತು. ತಂಜಾವೂರಿನ ಸೆಬಾಸ್ಟಿಯನ್ ಮನೆತನದಂಥ ಮೃದಂಗ ತಯಾರಕರ ಕಥೆಯನ್ನು ಗಾಯಕ ಟಿ. ಎಂ. ಕೃಷ್ಣ 2020ರಲ್ಲಿ ಒಂದು ಪುಸ್ತಕವಾಗಿ ಬರೆದರು. ಕಚೇರಿಯ ಕರಪತ್ರದಲ್ಲಿ ಮೃದಂಗ ವಿದ್ವಾಂಸರ ಹೆಸರಿರುತ್ತದೆ, ಮೃದಂಗ ಮಾಡಿದವನ ಹೆಸರನ್ನು ನಾನಂತೂ ಕಂಡಿಲ್ಲ. ನಮ್ಮ ಸಂಘದ ಕರಪತ್ರಗಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಅವುಗಳಲ್ಲಿ ಕೆಲವನ್ನು ಬರೆದವನು ನಾನೇ.

ಈಗ ಚರ್ಮದ ಬದಲು ಕೃತಕ ಹಾಳೆ, ಹಲಸಿನ ಮರದ ಬದಲು ಗಾಜಿನ ನಾರಿನ ಒಡಲು ಇರುವ ಮೃದಂಗಗಳೂ ಬಂದಿವೆ. ಬೆಂಗಳೂರಿನ ಸಂಗೀತಗಾರ, ಇಂಜಿನಿಯರ್ ಕೆ. ವರದರಂಗನ್ನರು ಅಂಥದೊಂದನ್ನು ರೂಪಿಸಿದ್ದಾರೆ. ಮಳೆಗಾಲದ ಕಾಟ ಅದಕ್ಕಿಲ್ಲ. ಮುಂಬಯಿಯಂಥ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಅದನ್ನು ನಮ್ಮ ಕೆಲಸಗಾರನಿಗೆ ಹೇಳಿದೆ. ಆತ ಕಲ್ಲು ಉಜ್ಜುವುದನ್ನು ನಿಲ್ಲಿಸದೆ, “ಬರಲಿ ಸಾರ್, ಅದಕ್ಕೂ ನಡುವೆ ಭಾರ ಇಡಲೇಬೇಕಲ್ಲ,” ಎಂದ. ಆಮೇಲೆ ಮೃದಂಗವನ್ನು ಹುಡುಗನ ಮಡಿಲಿಗೆ ಕೊಟ್ಟು ಬಾರಿಸಹೇಳಿದ. ‘ದೀಂ’ ಎಂದಿತು. ಹುಡುಗ ಬೆರಳೆತ್ತದೆ ನಾದ ಅಡಗುವವರೆಗೆ ಕಾದ. ಬಳಿಕ ಆತನ ಹೆಸರು ಕೇಳಿ ಮೃದಂಗದ ಚೀಲದ ಒಳಬದಿಯಲ್ಲಿ ಪೆನ್ನಿನಿಂದ ಬರೆದುಕೊಂಡ. ಕೂಲಿಯ ವಿಷಯದಲ್ಲಿ ನಾನು ಚೌಕಾಸಿ ಮಾಡಲೆಂದು ಬಾಯಿ ತೆರೆದಿದ್ದೆ. ಮುಚ್ಚಿಕೊಂಡು ಕೇಳಿದಷ್ಟು ಕೊಟ್ಟೆ.