ಮಗು ಹಟಮಾರಿಯಲ್ಲ: ಆಟಿಸಂ ತಪಾಸಣೆಗೆ ಹೊರಡುವ ಮುನ್ನ



ಮಕ್ಕಳು ಅಲ್ಲಾಹನು ನಮ್ಮ ಕೈಗೆ ಕೊಟ್ಟ ಅಮಾನತ್ತು ಎಂಬ ವಿಷಯದಲ್ಲಿ ಇತ್ತೀಚೆಗೆ ಒಂದು ಜುಮಾದ ಪ್ರವಚನದಲ್ಲಿ ಮಾತನಾಡಿದ್ದೆವು. ಆಟಿಸಂ ಇರುವ ಮಕ್ಕಳ ಬಗ್ಗೆ ಎರಡು ಮಾತು ಅದರಲ್ಲಿ ಬಂದಿತ್ತು. ನಮಾಝ್ ಮುಗಿದ ಮೇಲೆ ಮೂವರು ಬೇರೆ ಬೇರೆಯಾಗಿ ಬಂದು, ದನಿ ತಗ್ಗಿಸಿ, ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು: "ಉಸ್ತಾದ್, ಆ ತಪಾಸಣೆ ಎಲ್ಲಿ ಮಾಡಿಸುವುದು? ಖಾಸಗಿಯಲ್ಲಿ ಮಾಡಿಸಿದರೆ ನಡೆಯುತ್ತದೆಯೇ? ಕಾಗದ ಆದ ಮೇಲೆ ಮಗುವಿನ ಹೆಸರು ಹಾಳಾಗುವುದಿಲ್ಲವೇ?" ಮಿಂಬರಿನ ಬಳಿ ನಿಂತು ಹೇಳಿ ಮುಗಿಸುವ ವಿಷಯ ಇದಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಬಿಡುತ್ತೇವೆ. ಹಿಂದೆ ನಮ್ಮ ಮದ್ರಸದಲ್ಲಿ ಆರು ವರ್ಷದ ಒಬ್ಬ ಹುಡುಗನಿದ್ದ. ಸೂರತ್ ಒಂದನ್ನು ಎರಡು ಸಲ ಕೇಳಿದರೆ ಅವನಿಗೆ ಬಾಯಿಪಾಠ. ಆದರೆ ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಮಕ್ಕಳೆಲ್ಲ ಒಟ್ಟಿಗೆ ಓದತೊಡಗಿದರೆ ಕಿವಿ ಮುಚ್ಚಿಕೊಂಡು ಮೇಜಿನ ಅಡಿಗೆ ಹೋಗುತ್ತಿದ್ದ. ನಾವು ಅದನ್ನು ಹಟವೆಂದೇ ತಿಳಿದೆವು. ಎರಡು ವರ್ಷ ಅವನನ್ನು ಕೊನೆಯ ಬೆಂಚಿನಲ್ಲಿ ಕೂರಿಸಿದೆವು. ಒಂದು ದಿನ ಕೈಗೆ ಬೆತ್ತದಿಂದ ಹೊಡೆದೂ ಇದ್ದೇವೆ. ಅವನ ತಾಯಿ ಬಾಟಲಿಯಲ್ಲಿ ನೀರು ತಂದಾಗ ಓದಿ ಊದಿ ಕೊಟ್ಟೆವು. ಓದಿ ಕೊಟ್ಟದ್ದು ತಪ್ಪಲ್ಲ. ಅದರ ಜೊತೆಗೆ "ಒಮ್ಮೆ ವೈದ್ಯರಿಗೆ ತೋರಿಸಿ" ಎಂದು ಹೇಳದೇ ಇದ್ದದ್ದು ತಪ್ಪು. ಕೊನೆಗೆ ಆ ಮಾತು ಹೇಳಿದವರು ಶಾಲೆಯ ಟೀಚರ್. ಮಂಗಳೂರಿನಲ್ಲಿ ಖಾಸಗಿಯಾಗಿ ತಪಾಸಣೆ ಆಗುವಾಗ ಹುಡುಗನಿಗೆ ಎಂಟು ತುಂಬಿತ್ತು. ನಾವು ಮನೆಗೆ ಹೋಗಿ ತಾಯಿಯಲ್ಲೂ ಮಗನಲ್ಲೂ ಕ್ಷಮೆ ಕೇಳಿದೆವು. ಕಳೆದ ಎರಡು ವರ್ಷವನ್ನು ಮರಳಿ ಕೊಡಲು ಮಾತ್ರ ನಮ್ಮಿಂದ ಆಗಲಿಲ್ಲ.

ಆಟಿಸಂ ಎಂದರೆ

ಆಟಿಸಂ ಸೋಂಕು ರೋಗವಲ್ಲ, ಹುಚ್ಚಲ್ಲ, ಜಿನ್ನ್ ಬಾಧೆಯಲ್ಲ. ಮೆದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ಇತರರೊಡನೆ ಬೆರೆಯುವುದು, ಮಾತು, ಮುಖಭಾವ ಓದುವುದು ಕಷ್ಟವಾಗುತ್ತದೆ. ಒಂದೇ ಕೆಲಸವನ್ನು ಒಂದೇ ರೀತಿ ಮತ್ತೆ ಮತ್ತೆ ಮಾಡುವ ಒಲವು ಇರುತ್ತದೆ. ಸದ್ದು, ಬೆಳಕು, ಸ್ಪರ್ಶ ಕೆಲವರಿಗೆ ಸಹಿಸಲಾಗದಷ್ಟು ಆಗುತ್ತದೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಇದನ್ನು ವಿವರವಾಗಿ ಬರೆದರು. 2021ರಲ್ಲಿ ಜಗತ್ತಿನಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹಾಗಾದರೆ ಒಂದು ಸಾಧಾರಣ ಜಮಾಅತ್‌ನಲ್ಲೂ ಇಂಥ ಕೆಲವರು ಇದ್ದೇ ಇರುತ್ತಾರೆ.

ನಮ್ಮ ಮನೆಗಳಲ್ಲಿ ಮೂರು ತಪ್ಪು ಮಾತುಗಳು ಓಡಾಡುತ್ತವೆ. "ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ, ಅದಕ್ಕೇ ಮಾತು ಬರಲಿಲ್ಲ" ಎನ್ನುವುದು ಒಂದು. ಎರಡು ಮೂರು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಬರುವುದಿಲ್ಲ. "ಚುಚ್ಚುಮದ್ದಿನಿಂದ ಬಂತು" ಎನ್ನುವುದು ಇನ್ನೊಂದು. 1998ರಲ್ಲಿ ಇಂಗ್ಲೆಂಡಿನ ವೈದ್ಯರೊಬ್ಬರ ಲೇಖನದಿಂದ ಈ ಭಯ ಹರಡಿತು. ಅದನ್ನು ಅಚ್ಚು ಹಾಕಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಲೇಖನವನ್ನು ಹಿಂದಕ್ಕೆ ಪಡೆಯಿತು. ಮೂರನೆಯದು "ತಾಯಿ ಮೊಬೈಲ್ ಕೊಟ್ಟು ಕೂರಿಸಿದಳು" ಎನ್ನುವುದು. ಮೊಬೈಲ್ ಕಡಿಮೆ ಮಾಡುವುದು ಒಳ್ಳೆಯದೇ, ಆದರೆ ಆಟಿಸಂಗೆ ತಾಯಿಯ ಮೇಲೆ ತಪ್ಪು ಹೊರಿಸುವುದು ಅನ್ಯಾಯ.

ಯಾವಾಗ ತೋರಿಸಬೇಕು?

ಒಂದು ವರ್ಷವಾದರೂ ಹೆಸರು ಕರೆದರೆ ತಿರುಗದಿರುವುದು, ಒಂದೂವರೆ ವರ್ಷವಾದರೂ ಬೇಕಾದ್ದನ್ನು ಬೆರಳು ತೋರಿಸಿ ಕೇಳದಿರುವುದು, ಎರಡು ವರ್ಷಕ್ಕೂ ಎರಡು ಪದ ಸೇರಿಸಿ ಮಾತನಾಡದಿರುವುದು, ಯಾವ ವಯಸ್ಸಿನಲ್ಲೇ ಆಗಲಿ ಬಂದ ಮಾತು ನಿಂತುಹೋಗುವುದು, ಇವು ಕಂಡರೆ ಕಾಯಬೇಡಿ. "ಅವನ ಅಪ್ಪನಿಗೂ ನಾಲ್ಕು ವರ್ಷಕ್ಕೇ ಮಾತು ಬಂದದ್ದು" ಎಂಬ ಅಜ್ಜಿಯ ಸಮಾಧಾನ ಪ್ರೀತಿಯದ್ದು, ಆದರೆ ಅದು ಪರೀಕ್ಷೆಯಲ್ಲ. ಆಟಿಸಂ ಅಲ್ಲವೆಂದು ಗೊತ್ತಾದರೂ ನಷ್ಟವಿಲ್ಲ. ಕಿವಿ ಕೇಳದ ಮಗುವೂ ಕರೆದರೆ ತಿರುಗುವುದಿಲ್ಲ. ಆದ್ದರಿಂದ ಮೊದಲು ಮಕ್ಕಳ ವೈದ್ಯರ ಸಲಹೆಯಂತೆ ಶ್ರವಣ ಪರೀಕ್ಷೆ ಆಗಲೇಬೇಕು.

ತಪಾಸಣೆಯಲ್ಲಿ ಏನು ನಡೆಯುತ್ತದೆ?

ಆಟಿಸಂ ಇದೆ ಅಥವಾ ಇಲ್ಲ ಎಂದು ಹೇಳುವ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಬೇರೆ ತೊಂದರೆ ಇದೆಯೇ ಎಂದು ನೋಡಲು ವೈದ್ಯರು ಅವನ್ನು ಬರೆಯಬಹುದು. ಆಟಿಸಂ ಗೊತ್ತಾಗುವುದು ಮಗುವಿನ ಬೆಳವಣಿಗೆಯ ಕಥೆಯನ್ನು ಕೇಳಿ, ಮಗುವನ್ನು ಆಟವಾಡಿಸಿ ಗಮನಿಸಿ. ಇದನ್ನು ಮಾಡುವವರು ಮಕ್ಕಳ ಬೆಳವಣಿಗೆಯ ತಜ್ಞ ವೈದ್ಯರು, ಮನೋವೈದ್ಯರು ಮತ್ತು ಕ್ಲಿನಿಕಲ್ ಸೈಕಾಲಜಿಸ್ಟ್. ಮಾತಿನ ತರಬೇತುದಾರರೂ ಆಕ್ಯುಪೇಶನಲ್ ಥೆರಪಿಸ್ಟರೂ ಜೊತೆಗಿರಬಹುದು.

ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಸುವುದು ಐಎಸ್‌ಎಎ ಎಂಬ ಭಾರತೀಯ ಮಾಪನ. ಅದರಲ್ಲಿ 40 ಅಂಶಗಳಿವೆ, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಒಟ್ಟು 70ಕ್ಕಿಂತ ಕಡಿಮೆಯಾದರೆ ಆಟಿಸಂ ಎನ್ನುವುದಿಲ್ಲ. 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದರ ಮೇಲೆ ತೀವ್ರ. ಇದರ ಜೊತೆ ಬುದ್ಧಿಮಟ್ಟವನ್ನೂ ದಿನನಿತ್ಯದ ಕೆಲಸ ಮಾಡುವ ಸಾಮರ್ಥ್ಯವನ್ನೂ ಅಳೆಯುತ್ತಾರೆ. ಹತ್ತು ನಿಮಿಷ ನೋಡಿ ಚೀಟಿಯಲ್ಲಿ "ಆಟಿಸಂ" ಎಂದು ಬರೆದುಕೊಟ್ಟರೆ ಅದು ಪೂರ್ಣ ತಪಾಸಣೆಯಲ್ಲ.

ಹೋಗುವಾಗ ತಾಯಿ ಕಾರ್ಡ್, ಹಳೆಯ ಚೀಟಿಗಳು, ಶಾಲೆಯ ಪುಸ್ತಕ, ಮನೆಯಲ್ಲಿ ಮಗು ಆಡುವ ಎರಡು ಮೂರು ವೀಡಿಯೊ ಜೊತೆಗಿರಲಿ. ಹೊಸ ಜಾಗದಲ್ಲಿ ಮಗು ಮನೆಯಲ್ಲಿದ್ದಂತೆ ಇರುವುದಿಲ್ಲ. ಮನೆಮಾತು ಬ್ಯಾರಿ ಎಂದು ಮೊದಲೇ ಹೇಳಿ. ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಕೇಳಿದ್ದು ಅರ್ಥವಾಗದೆ ಸುಮ್ಮನಿದ್ದರೆ ಅದನ್ನು ಆಟಿಸಂ ಎಂದು ಎಣಿಸಬಾರದು.

ಎಲ್ಲಿಗೆ ಹೋಗುವುದು?

ಧರ್ಮಸ್ಥಳ, ಉಜಿರೆ, ಬೆಳ್ತಂಗಡಿ ಕಡೆಯವರಿಗೆ ದಾರಿ ಬಿ.ಸಿ.ರೋಡ್ ಮೂಲಕ ಮಂಗಳೂರಿಗೇ. ಮೂಡುಬಿದಿರೆಯವರಿಗೂ ಹತ್ತಿರ ಅದೇ, ಇಲ್ಲವಾದರೆ ಮಣಿಪಾಲ. ಕಂಕನಾಡಿಯ ಫಾದರ್ ಮುಲ್ಲರ್, ದೇರಳಕಟ್ಟೆಯ ಯೆನೆಪೋಯ ಮತ್ತು ಕೆ.ಎಸ್. ಹೆಗ್ಡೆ, ಮಂಗಳೂರು ಮತ್ತು ಮಣಿಪಾಲದ ಕೆಎಂಸಿ, ಇವೆಲ್ಲ ವೈದ್ಯಕೀಯ ಕಾಲೇಜುಗಳಾದ್ದರಿಂದ ಮಕ್ಕಳ ವಿಭಾಗವೂ ಮನೋವೈದ್ಯ ವಿಭಾಗವೂ ಒಂದೇ ಆವರಣದಲ್ಲಿ ಸಿಗುತ್ತವೆ. ಸರ್ಕಾರಿ ದಾರಿಯೂ ಇದೆ. 2013ರಲ್ಲಿ ಆರಂಭವಾದ ಆರ್‌ಬಿಎಸ್‌ಕೆ ಯೋಜನೆಯಲ್ಲಿ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲಿ ಪರೀಕ್ಷಿಸಿ ಮುಂದಿನ ಕೇಂದ್ರಕ್ಕೆ ಕಳುಹಿಸುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ ಸರ್ಕಾರದ ಸಂಸ್ಥೆಗಳು. ದೂರ ನಿಜ, ಆದರೆ ಖರ್ಚು ಹೊರಲಾರದವರಿಗೆ ಅವು ದೊಡ್ಡ ಆಸರೆ.

ಖಾಸಗಿಯಲ್ಲಿ ಹಣ ಕಟ್ಟುವ ಮೊದಲು ಐದು ಪ್ರಶ್ನೆ ಕೇಳಿ:

1. ಒಟ್ಟು ಖರ್ಚು ಎಷ್ಟು? ವರದಿಗೆ ಬೇರೆ ಹಣವಿದೆಯೇ?
2. ತಪಾಸಣೆ ಮಾಡುವವರು ಯಾರು? ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ? 1992ರ ಕಾಯ್ದೆಯಂತೆ ಅದು ಇರಲೇಬೇಕು.
3. ಯಾವ ಮಾಪನ ಬಳಸುತ್ತೀರಿ? ಎಷ್ಟು ಭೇಟಿ ಬೇಕು?
4. ಅಂಕಗಳನ್ನೂ ಮುಂದಿನ ಸಲಹೆಯನ್ನೂ ಬರೆದ ವರದಿ ಸಿಗುತ್ತದೆಯೇ?
5. ವರದಿಯನ್ನು ನಮಗೆ ತಿಳಿಯುವ ಭಾಷೆಯಲ್ಲಿ ಕೂರಿಸಿ ವಿವರಿಸುತ್ತೀರಾ?

ಖಾಸಗಿ ವರದಿ ಬೇರೆ, ಸರ್ಕಾರಿ ಪ್ರಮಾಣಪತ್ರ ಬೇರೆ

ಇಲ್ಲಿ ಅನೇಕರು ಎಡವುತ್ತಾರೆ. ಖಾಸಗಿ ವರದಿಯಿಂದ ಮಗುವಿನ ಕಷ್ಟ ಏನೆಂದು ತಿಳಿಯುತ್ತದೆ, ಥೆರಪಿ ಆರಂಭಿಸಬಹುದು, ಶಾಲೆಯವರಿಗೆ ತೋರಿಸಬಹುದು. ಆದರೆ ಅದು ಅಂಗವಿಕಲತೆಯ ಪ್ರಮಾಣಪತ್ರವಲ್ಲ. ಆಟಿಸಂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹೇಳಿದ 21 ವಿಕಲತೆಗಳಲ್ಲಿ ಒಂದು. ಶೇಕಡಾ 40 ಅಥವಾ ಹೆಚ್ಚು ಎಂದು ಸರ್ಕಾರ ಗುರುತಿಸಿದ ವೈದ್ಯಕೀಯ ಪ್ರಾಧಿಕಾರ ದೃಢಪಡಿಸಿದರೆ ಕಾಯ್ದೆಯ ಮುಖ್ಯ ಸೌಲಭ್ಯಗಳು ಸಿಗುತ್ತವೆ: 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು, ಸರ್ಕಾರಿ ಉದ್ಯೋಗದ ಮೀಸಲಾತಿ ಮುಂತಾದವು. ಇದಕ್ಕೆ ಸ್ವಾವಲಂಬನ್ ಜಾಲತಾಣದಲ್ಲಿ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬೇಕು. ಅರ್ಜಿ ಹಾಕಲು ಗೊತ್ತಾಗದಿದ್ದರೆ ನಿಮ್ಮ ಗ್ರಾಮ ಪಂಚಾಯತ್‌ನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಖಾಸಗಿ ವರದಿಯನ್ನು ಅಲ್ಲಿಗೂ ಒಯ್ಯಿರಿ, ವೈದ್ಯರಿಗೆ ಸಹಾಯವಾಗುತ್ತದೆ.

1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲೂ ಆಟಿಸಂ ಸೇರಿದೆ. ಅದರ ನಿರಾಮಯ ಆರೋಗ್ಯ ವಿಮೆ ಒಂದು ಲಕ್ಷ ರೂಪಾಯಿವರೆಗಿನದು, ಥೆರಪಿಯ ಖರ್ಚಿಗೂ ಅದರಲ್ಲಿ ಅವಕಾಶವಿದೆ. ಮಗ ಅಥವಾ ಮಗಳು 18 ದಾಟಿದ ಮೇಲೂ ತಾನೇ ನಿರ್ಧಾರ ಮಾಡಲಾಗದ ಸ್ಥಿತಿಯಲ್ಲಿದ್ದರೆ, ಇದೇ ಕಾಯ್ದೆಯ ಸ್ಥಳೀಯ ಸಮಿತಿಯ ಮೂಲಕ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. "ನಮ್ಮ ನಂತರ ಯಾರು?" ಎಂದು ರಾತ್ರಿ ನಿದ್ದೆಗೆಡುವ ತಂದೆತಾಯಿ ಇದನ್ನು ತಿಳಿದಿರಬೇಕು.

ಕಾಗದಕ್ಕೆ ಹೆದರುವವರು ನಮ್ಮ ತಾಲೂಕಿನ ಕೊಕ್ಕಡ, ಪಟ್ರಮೆ ಕಡೆಯ ಎಂಡೋಸಲ್ಫಾನ್ ಬಾಧಿತ ಕುಟುಂಬಗಳನ್ನು ನೋಡಲಿ. ಅವರ ಸಂಕಟ ಬೇರೆ, ಆಟಿಸಂ ಬೇರೆ. ಆದರೆ ನೋವನ್ನು ಮನೆಯೊಳಗೆ ಮುಚ್ಚಿಡದೆ ದಾಖಲೆ ಮಾಡಿಸಿದ್ದರಿಂದಲೇ ಅವರ ಮಾತನ್ನು ಸರ್ಕಾರ ಕೇಳಬೇಕಾಯಿತು.

ದೊಡ್ಡವರಿಗೂ ಉಂಟೇ?

ಉಂಟು. ನಾವು ಹೇಳಿದ ಹುಡುಗನ ತಪಾಸಣೆಯ ದಿನ ಅವನ ತಂದೆ ಗಲ್ಫಿನಿಂದ ರಜೆಯಲ್ಲಿ ಬಂದಿದ್ದರು. ಮಗನ ಬಗ್ಗೆ ಒಂದೊಂದು ಪ್ರಶ್ನೆ ಬಂದಾಗಲೂ ಅವರು ಒಳಗೊಳಗೇ "ಇದು ನಾನೇ" ಎಂದುಕೊಂಡರಂತೆ. ಮದುವೆ ಮನೆಯ ಗದ್ದಲದಿಂದ ತಪ್ಪಿಸಿಕೊಳ್ಳುವುದು, ಸಹೋದ್ಯೋಗಿಗಳ ತಮಾಷೆ ಅರ್ಥವಾಗದಿರುವುದು, ದಿನದ ಕ್ರಮ ಸ್ವಲ್ಪ ತಪ್ಪಿದರೆ ತಳಮಳ. ಊರಿನವರು ಅವರನ್ನು ಅಹಂಕಾರಿ ಎಂದೇ ಕರೆದಿದ್ದರು. ಮುಂದಿನ ರಜೆಯಲ್ಲಿ ಅವರೂ ತಪಾಸಣೆ ಮಾಡಿಸಿಕೊಂಡರು, ಅವರಿಗೂ ಆಟಿಸಂ ಇದೆ ಎಂದು ಗೊತ್ತಾಯಿತು. "ಉಸ್ತಾದ್, ನಲವತ್ತು ವರ್ಷ ನನ್ನನ್ನು ನಾನೇ ಕೆಟ್ಟವನೆಂದು ತಿಳಿದಿದ್ದೆ" ಎಂದು ಅವರು ಹೇಳಿದ್ದು ನಮಗೆ ಈಗಲೂ ನೆನಪಿದೆ.

ದೊಡ್ಡವರು ಹೋಗಬೇಕಾದ್ದು ಮನೋವೈದ್ಯರ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟರ ಬಳಿಗೆ. ದೊಡ್ಡವರ ಆಟಿಸಂ ತಪಾಸಣೆ ಮಾಡುತ್ತೀರಾ ಎಂದು ಫೋನಿನಲ್ಲೇ ಕೇಳಿ, ಎಲ್ಲರೂ ಮಾಡುವುದಿಲ್ಲ. ಬಾಲ್ಯ ಹೇಗಿತ್ತೆಂಬುದು ಮುಖ್ಯವಾದ್ದರಿಂದ ಸಾಧ್ಯವಾದರೆ ತಾಯಿಯನ್ನೋ ಹಿರಿಯ ಅಕ್ಕನನ್ನೋ ಕರೆದೊಯ್ಯಿರಿ. ಮೊಬೈಲಿನಲ್ಲಿ ಪ್ರಶ್ನೆಗಳಿಗೆ ಉತ್ತರಿಸಿ ಬಂದ ಅಂಕ ತಪಾಸಣೆಗೆ ಸಮವಲ್ಲ. ಹೆಣ್ಣುಮಕ್ಕಳು ಇತರರನ್ನು ನೋಡಿ ಅನುಕರಿಸಿ ಕಷ್ಟವನ್ನು ಮುಚ್ಚಿಕೊಳ್ಳುವುದು ಹೆಚ್ಚು, ಅವರದ್ದು ತಡವಾಗಿ ಗೊತ್ತಾಗುತ್ತದೆ. ಆತಂಕ, ಖಿನ್ನತೆಯೂ ಜೊತೆಗಿರಬಹುದು, ಅದಕ್ಕೆ ಚಿಕಿತ್ಸೆ ಇದೆ. ಮನಸ್ಸು ತೀರಾ ಕುಗ್ಗಿದ್ದರೆ ಸರ್ಕಾರದ ಟೆಲಿಮಾನಸ್ ಸಂಖ್ಯೆ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಮೋಸ ಹೋಗಬೇಡಿ

ಆಟಿಸಂ ಅನ್ನು "ಪೂರ್ಣ ಗುಣಪಡಿಸುತ್ತೇವೆ" ಎನ್ನುವವರಿಂದ ದೂರವಿರಿ. ಸ್ಟೆಮ್ ಸೆಲ್ ಚಿಕಿತ್ಸೆ ಎಂದು ಲಕ್ಷಾಂತರ ರೂಪಾಯಿ ಕೇಳುವವರಿದ್ದಾರೆ. ಆಟಿಸಂಗೆ ಅದನ್ನು ಶಿಫಾರಸು ಮಾಡುವುದಿಲ್ಲವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲೇ ಹೇಳಿದೆ. ದುಆ ಮಾಡಿ, ಕಾಜೂರಿಗೆ ಹೋಗುವವರು ಹೋಗಿ ಬನ್ನಿ. ಆದರೆ ಒಂಟೆಯನ್ನು ಕಟ್ಟಿದ ಮೇಲೆಯೇ ತವಕ್ಕುಲ್ ಎಂಬುದನ್ನು ಮರೆಯಬೇಡಿ. ಮಗುವಿಗೆ ಬೇಕಾದದ್ದು ಮಾತಿನ ತರಬೇತಿ, ನಡವಳಿಕೆಯ ತರಬೇತಿ, ಮನೆಯವರ ತಾಳ್ಮೆ. ಪೂರ್ಣ ವರದಿ ಬರುವವರೆಗೂ ಕಾಯಬೇಕೆಂದಿಲ್ಲ, ಮಾತಿನ ತರಬೇತಿಯನ್ನು ಮೊದಲೇ ಆರಂಭಿಸಬಹುದು.

ಜಮಾಅತ್‌ನವರಲ್ಲಿ

ಅಂಧ ಸಹಾಬಿ ಅಬ್ದುಲ್ಲಾ ಇಬ್ನ್ ಉಮ್ಮು ಮಕ್ತೂಮ್(ರ) ಅವರ ವಿಷಯದಲ್ಲಿ ಕುರ್‌ಆನಿನ ಅಬಸ ಅಧ್ಯಾಯದ ಆರಂಭದ ಸೂಕ್ತಗಳು ಅವತೀರ್ಣವಾದದ್ದು ನಮಗೆಲ್ಲ ಗೊತ್ತು. ಅವರನ್ನು ಪ್ರವಾದಿ(ಸ)ಯವರು ಮಸೀದಿಯ ಮೂಲೆಯಲ್ಲಿ ಕೂರಿಸಲಿಲ್ಲ, ಮುಅದ್ಸಿನ್ ಮಾಡಿದರು. ನಮ್ಮ ಮಸೀದಿಗಳಲ್ಲಿ ಏನು ಮಾಡಬಹುದು? ಮೈಕಿನ ಸದ್ದು ತುಸು ತಗ್ಗಿಸೋಣ. ಕಿವಿಗೆ ಹೆಡ್‌ಫೋನ್ ಹಾಕಿ ಬಂದ ಮಗುವನ್ನು ಗದರದಿರೋಣ. ಸಾಲಿನಲ್ಲಿ ಕುಣಿದಾಡಿದ ಮಗುವಿನ ತಂದೆಯನ್ನು ತಿರುಗಿ ದುರುಗುಟ್ಟಿ ನೋಡದಿರೋಣ. ಝಕಾತಿಗೆ ಅರ್ಹರಾದ ಬಡ ಕುಟುಂಬಕ್ಕೆ ತಪಾಸಣೆಯ, ಥೆರಪಿಯ ಖರ್ಚಿನಲ್ಲಿ ನೆರವಾಗೋಣ. ಮದುವೆ ಸಂಬಂಧ ನೋಡುವಾಗ "ಆ ಮನೆಯಲ್ಲಿ ಅಂಥ ಮಗು ಉಂಟಂತೆ" ಎಂಬ ಪಿಸುಮಾತನ್ನು ನಿಲ್ಲಿಸೋಣ. ತಾಯಂದಿರು ಮಗುವನ್ನು ಅಡಗಿಸುವುದು ಆಟಿಸಂಗೆ ಹೆದರಿ ಅಲ್ಲ, ನಮ್ಮ ಆ ನಾಲಿಗೆಗೆ ಹೆದರಿ.

ಆ ಹುಡುಗ ಈಗ ಮದ್ರಸದಲ್ಲಿ ಬಾಗಿಲ ಹತ್ತಿರ ಕೂರುತ್ತಾನೆ. ಸದ್ದು ಹೆಚ್ಚಾದರೆ ಯಾರನ್ನೂ ಕೇಳದೆ ಜಗಲಿಗೆ ಹೋಗಿ, ಸ್ವಲ್ಪ ಹೊತ್ತು ಕಳೆದು ಮರಳಿ ಬರುತ್ತಾನೆ. ಬೆತ್ತ ಈಗ ನಮ್ಮ ಮದ್ರಸದಲ್ಲಿಲ್ಲ. ನಿಮ್ಮ ಮನೆಯಲ್ಲಿ ಇಂಥ ಸಂಶಯವಿದ್ದರೆ ಮುಂದಿನ ರಜೆ, ಮುಂದಿನ ವರ್ಷ ಎಂದು ತಳ್ಳಬೇಡಿ. ಈ ವಾರವೇ ಮಕ್ಕಳ ವೈದ್ಯರನ್ನು ನೋಡಿ. ಜೊತೆಗೆ ಬರಲು ಯಾರೂ ಇಲ್ಲದಿದ್ದರೆ ನಿಮ್ಮ ಮಸೀದಿಯ ಉಸ್ತಾದರನ್ನು ಕೇಳಿ, ಅವರೂ ಬರಬೇಕು.

ಅಲ್ಲಾಹನು ನಮ್ಮ ಮಕ್ಕಳನ್ನು ಅರಿಯುವ ಕಣ್ಣನ್ನೂ, ತಪ್ಪು ಒಪ್ಪಿಕೊಳ್ಳುವ ಮನಸ್ಸನ್ನೂ ನಮಗೆ ದಯಪಾಲಿಸಲಿ. ಆಮೀನ್.